ಹಿಮ್ಮಡಿಯ ಒಂದು ಹನಿ

ಮಗಳಿಗೆ ಹೆರಿಗೆಯಾದ ಮೂರನೆಯ ದಿನ ಬೆಳಿಗ್ಗೆ ನರ್ಸ್ ಬಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿದಳು. ಅವಳ ಕೈಯಲ್ಲಿ ದಪ್ಪನೆಯ ಒಂದು ಕಾಗದದ ಪಟ್ಟಿ. ಅದರ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಸುತ್ತುಗಳು, ಒಂದೊಂದೂ ಕುಂಕುಮದ ಬೊಟ್ಟಿಗಿಂತ ಸ್ವಲ್ಪ ದೊಡ್ಡದು. ಒಂದೊಂದು ಸುತ್ತಿಗೂ ಒಂದೊಂದು ಹನಿ ರಕ್ತ ಮುಟ್ಟಿಸಿ, ಹತ್ತಿ ಒತ್ತಿ, ಪಟ್ಟಿಯನ್ನು ಒಣಗಲು ಇಟ್ಟಳು. ಕೂಸು ಕಿರುಚಿ, ಕೆಂಪಾಗಿ, ಆಮೇಲೆ ತನ್ನಷ್ಟಕ್ಕೆ ಸುಮ್ಮನಾಯಿತು.

ನನ್ನ ಅಕ್ಕ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದಳು. ಎಪ್ಪತ್ತೈದು ದಾಟಿದ ಹೆಂಗಸು, ಊರಿನಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿದ್ದಳು. ಚೀಲದಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿ, ತೇಯಲು ಸಾಣೆಕಲ್ಲು. ಅದನ್ನೆಲ್ಲ ಹೊರಗೇ ತೆಗೆಯಬೇಡಿ ಎಂದು ಹಿಂದಿನ ದಿನವೇ ಆಸ್ಪತ್ರೆಯವರು ಹೇಳಿಯಾಗಿತ್ತು.

“ಕೂಸಿಗೆ ಏನಾಗಿದೆ ಅಂತ ಚುಚ್ಚಿದ್ದಮ್ಮ?” ಎಂದಳು ಅಕ್ಕ.

“ಏನೂ ಆಗಿಲ್ಲ ಅಜ್ಜಿ. ಬುದ್ಧಿ ಬೆಳವಣಿಗೆಗೆ ತೊಂದರೆ ಕೊಡೋ ಕಾಯಿಲೆ ಏನಾದ್ರೂ ಇದ್ರೆ ಮೊದಲೇ ಗೊತ್ತಾಗಲಿ ಅಂತ.”

“ಮೊದಲೇ ಗೊತ್ತಾಗತ್ತಾ?”

“ಕೆಲವು ಗೊತ್ತಾಗತ್ತೆ ಅಜ್ಜಿ.”

ನರ್ಸ್ ಹೋದಳು. ಅಕ್ಕ ಆ ಒಣಗುತ್ತಿದ್ದ ಪಟ್ಟಿ ಇದ್ದ ಜಾಗವನ್ನೇ ನೋಡುತ್ತಾ ತುಂಬಾ ಹೊತ್ತು ಕುಳಿತಳು. ನನಗೆ ಗೊತ್ತಿತ್ತು, ಅವಳು ಯಾರನ್ನು ನೆನೆಯುತ್ತಿದ್ದಾಳೆ ಎಂದು.

ಅಕ್ಕನನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. 1966ರಲ್ಲಿ, ಅವಳಿಗೆ ಹದಿನೇಳು ತುಂಬಿದಾಗ. ನಮ್ಮ ಕಡೆ ಇದೇನು ಹೊಸದಲ್ಲ. ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು ಎಂದೇ ಮಾತು. ಅರಸೀಕೆರೆ ಹತ್ತಿರದ ತೋಟದ ಮನೆ. ಹೆತ್ತಮ್ಮನ ತವರೇ ಅಕ್ಕನಿಗೆ ಗಂಡನ ಮನೆಯಾಯಿತು, ಅಜ್ಜಿಯೇ ಅತ್ತೆಯಾದಳು. ಎರಡು ವರ್ಷಕ್ಕೆ ಗಂಡು ಮಗು. ಬಂಗಾರದಂಥ ಮಗು ಎಂದು ಎಲ್ಲರೂ ಎತ್ತಿ ಆಡಿಸಿದರು. ಹನ್ನೊಂದು ವರ್ಷದ ನಾನೂ ಸೊಂಟದ ಮೇಲೆ ಹೊತ್ತು ತಿರುಗಿದೆ. ವರ್ಷ ಕಳೆದರೂ ಮಗು ಕೂರಲಿಲ್ಲ. ಮೂರು ವರ್ಷಕ್ಕೂ ‘ಅಮ್ಮ’ ಎನ್ನಲಿಲ್ಲ. ಬಸುರಿಯಲ್ಲಿ ಗ್ರಹಣದ ದಿನ ಅಡಕತ್ತರಿ ಮುಟ್ಟಿದ್ದಳು, ಅದಕ್ಕೇ ಹೀಗಾಯಿತು ಎಂದಳು ಅಜ್ಜಿ. ಸ್ವಂತ ಮೊಮ್ಮಗಳ ಮೇಲೆ, ನೋಡಿ! ಹೊರಗಿನ ಅತ್ತೆಯಾಗಿದ್ದರೆ ಅಕ್ಕ ಅಮ್ಮನ ಹತ್ತಿರ ಹೇಳಿಕೊಂಡು ಅಳಬಹುದಿತ್ತು. ಈಗ ಯಾರ ಹತ್ತಿರ ಯಾರ ದೂರು ಹೇಳುವುದು?

1974ರಲ್ಲಿ ಮಗುವನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಮಗುವಿನ ತಲೆ ಅಳೆದರು, ಮೊಣಕಾಲಿಗೆ ತಟ್ಟಿದರು. “ಸಂಬಂಧದಲ್ಲೇ ಮದುವೆಯಾ?” ಎಂದು ಕೇಳಿದರು. ಮಾವ ಹೂಂ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು “ಅದಕ್ಕೇ” ಎಂದರು. ಅಕ್ಕ ಏನೋ ಹೇಳಲು ಹೋದಳು. ತಾನು ಮಗುವಿನಲ್ಲಿ ಗಮನಿಸಿದ್ದು, ಮನೆಯಿಂದ ಹೊರಟಾಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದದ್ದು. “ಅದೆಲ್ಲ ಬೇಡಮ್ಮ” ಎಂದು ಕೈಯಾಡಿಸಿಬಿಟ್ಟರು. ಆ ‘ಅದಕ್ಕೇ’ ಎನ್ನುವ ಒಂದು ಪದ ಹಿಡಿದುಕೊಂಡು ನಾವು ರಾತ್ರಿ ರೈಲಿಗೆ ವಾಪಸು ಬಂದೆವು. 1980ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಜ್ವರ ಬಂದು ಹುಡುಗ ತೀರಿಕೊಂಡ. ಅವನಿಗೆ ಇದ್ದದ್ದು ಯಾವ ಕಾಯಿಲೆ ಎಂದು ಕೊನೆಯವರೆಗೂ ಯಾರೂ ಪರೀಕ್ಷೆ ಮಾಡಲಿಲ್ಲ.

ಹಿಮ್ಮಡಿಯ ಆ ಹನಿಯ ಕಥೆಯನ್ನು ನಾನು ಹಿಂದೆಯೇ ಓದಿಕೊಂಡಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಅನುವಂಶೀಯತೆಯ ಪಾಠ ಬಂದಾಗ ಬಟಾಣಿ ಗಿಡದ ಲೆಕ್ಕ ಬರೆಸಿ ಮುಗಿಸುತ್ತಿದ್ದೆ; ಮನೆಯ ಹುಡುಗನ ನೆನಪು ಬಂದರೆ ಕಪ್ಪುಹಲಗೆ ಒರೆಸುತ್ತಿದ್ದೆ. ಅಕ್ಕನಿಗೆ ಎಂದೂ ಹೇಳಿರಲಿಲ್ಲ. ಅಂದು ಮಧ್ಯಾಹ್ನ, ಬಾಣಂತಿ ಮಲಗಿದ್ದಾಗ, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತು ಹೇಳಿದೆ. ಹೇಳಿದ್ದನ್ನೂ, ಅವಳಿಗೆ ಹೇಳದೆ ಬಿಟ್ಟ ಕೆಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ನಾರ್ವೆ ದೇಶದಲ್ಲಿ. ಬೋರ್ಗ್‌ನಿ ಎಗೆಲಾಂಡ್ ಎಂಬ ಹೆಂಗಸಿಗೆ ಇಬ್ಬರು ಮಕ್ಕಳು. 1927ರಲ್ಲಿ ಹುಟ್ಟಿದವಳು ಲಿವ್, 1930ರಲ್ಲಿ ಹುಟ್ಟಿದವನು ಡಾಗ್. ಅವರ ಭಾಷೆಯಲ್ಲಿ ಲಿವ್ ಅಂದರೆ ಬದುಕು, ಡಾಗ್ ಅಂದರೆ ಹಗಲು. ಎರಡೂ ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಇದ್ದವು. ಲಿವ್ ನಡೆದದ್ದು ತುಂಬಾ ತಡವಾಗಿ. ಮಾತು ಬಂದರೂ ಬೆರಳೆಣಿಕೆಯಷ್ಟು. ಡಾಗ್ ನಾಲ್ಕು ವರ್ಷವಾದರೂ ನಡೆಯಲಿಲ್ಲ, ಮಾತಾಡಲಿಲ್ಲ, ಎಳೆಗೂಸಿನ ಹಾಗೇ ಅವನಿಗೆ ಬಟ್ಟೆ ಕಟ್ಟಬೇಕಿತ್ತು. ಆ ತಾಯಿ ಹೋಗದ ವೈದ್ಯರಿಲ್ಲ. ಹೋದಲ್ಲೆಲ್ಲ ಅವಳು ಒಂದೇ ಮಾತು ಕೇಳುತ್ತಿದ್ದಳು: ಮಕ್ಕಳ ಮೈಯಿಂದ, ಕೂದಲಿನಿಂದ, ಮೂತ್ರದಿಂದ ಒಂದು ಥರದ ಮುಗ್ಗಲು ವಾಸನೆ ಬರುತ್ತದೆ, ಎಷ್ಟು ಸ್ನಾನ ಮಾಡಿಸಿದರೂ ಹೋಗುವುದಿಲ್ಲ, ಅದೇಕೆ? ವೈದ್ಯರಿಗೆ ಅದು ಕೇಳುವಂಥ ಪ್ರಶ್ನೆಯಾಗಿ ಕಾಣಲಿಲ್ಲ. ಬುದ್ಧಿ ಬೆಳೆಯದ ಮಗುವಿಗೂ ವಾಸನೆಗೂ ಎಲ್ಲಿಂದೆಲ್ಲಿಯ ಸಂಬಂಧ?

ಬಟ್ಟೆ ಒಗೆಯುವವಳಿಗೆ ಮಾತ್ರ ಗೊತ್ತಾಗುವ ಸಂಗತಿಗಳಿರುತ್ತವೆ. ದಿನಕ್ಕೆ ಹತ್ತು ಸಲ ಒದ್ದೆ ಬಟ್ಟೆ ಬದಲಿಸುವ ತಾಯಿಯ ಮೂಗಿಗೆ ಬಿದ್ದದ್ದು, ವರ್ಷಕ್ಕೊಮ್ಮೆ ಮಗುವನ್ನು ಮೇಜಿನ ಮೇಲೆ ಮಲಗಿಸಿ ನೋಡುವವರಿಗೆ ಹೇಗೆ ಬೀಳಬೇಕು? ಆದರೂ ಅವಳು ಬಿಡಲಿಲ್ಲ. 1934ರಲ್ಲಿ ಓಸ್ಲೋ ನಗರದ ಅಸ್ಬ್ಯೋರ್ನ್ ಫೋಲಿಂಗ್ ಎಂಬವರ ಬಳಿಗೆ ಮಕ್ಕಳ ವಿಷಯ ಬಂತು. ಅವರು ವೈದ್ಯರು, ಅದಕ್ಕಿಂತ ಮುಖ್ಯವಾಗಿ ರಸಾಯನಶಾಸ್ತ್ರವನ್ನೂ ಓದಿದ್ದವರು. ತಾಯಿ ವಾಸನೆ ಎಂದಾಗ ಅವರು ಮೂತ್ರ ತರಲು ಹೇಳಿದರು.

ಸಿಹಿಮೂತ್ರದವರ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ದ್ರಾವಣ ಹಾಕಿ ನೋಡುವುದು ಆ ಕಾಲದ ಮಾಮೂಲಿ ಪರೀಕ್ಷೆ. ದೋಷವಿದ್ದರೆ ಕೆಂಪುಗಂದು ಬಣ್ಣ ಬರುತ್ತದೆ. ಇಲ್ಲದಿದ್ದರೆ ದ್ರಾವಣದ ಬಣ್ಣವೇ ಉಳಿಯುತ್ತದೆ. ಈ ಮಕ್ಕಳದು ಎರಡೂ ಆಗಲಿಲ್ಲ. ಗಾಢ ಹಸಿರಾಯಿತು! ಸ್ವಲ್ಪ ಹೊತ್ತಿಗೆ ಆ ಹಸಿರು ತಾನಾಗಿ ಮಾಸಿತು. ಫೋಲಿಂಗ್ ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಯಾವುದೋ ಔಷಧದ ಪ್ರಭಾವ ಇರಬಹುದೆಂದು, ವಾರವಿಡೀ ಮಕ್ಕಳಿಗೆ ಏನೂ ಔಷಧ ಕೊಡದೆ ಮತ್ತೆ ತನ್ನಿ ಎಂದರು. ಮತ್ತೆಯೂ ಹಸಿರು. ಆಮೇಲೆ ಆ ತಾಯಿ ಮೂತ್ರ ತಂದೊಪ್ಪಿಸುವುದೂ ಇವರು ಪ್ರಯೋಗಶಾಲೆಯಲ್ಲಿ ಸೋಸಿ, ಬಟ್ಟಿಯಿಳಿಸಿ, ಹರಳುಗಟ್ಟಿಸುವುದೂ ವಾರಗಟ್ಟಲೆ ನಡೆಯಿತು. ನಡೆಯದ, ಮಾತು ಬಾರದ ನಾಲ್ಕು ವರ್ಷದ ಮಗನ ಮೂತ್ರವನ್ನು ಸೀಸೆಗಟ್ಟಲೆ ಹಿಡಿದಿಡುವುದು ಎಷ್ಟು ಕಷ್ಟ ಎಂದು ಯಾವ ವಿಜ್ಞಾನದ ಪುಸ್ತಕವೂ ಬರೆಯುವುದಿಲ್ಲ. ಕೊನೆಗೆ ಫೋಲಿಂಗ್ ಆ ಪದಾರ್ಥವನ್ನು ಗುರುತಿಸಿದರು: ಫೀನೈಲ್ ಪೈರುವಿಕ್ ಆಮ್ಲ. ಓಸ್ಲೋ ಸುತ್ತಿನ ಆಶ್ರಮಗಳಲ್ಲಿದ್ದ 430 ಮಂದಿಯ ಮೂತ್ರ ಪರೀಕ್ಷಿಸಿದಾಗ ಇನ್ನೂ 8 ಮಂದಿಯದು ಹಸಿರಾಯಿತು. ಈ ಎರಡು ಮಕ್ಕಳೂ ಸೇರಿ ಹತ್ತು. ಅದೇ 1934ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಬುದ್ಧಿಮಾಂದ್ಯ ಎಂದು ಒಂದೇ ಗೋಣಿಯಲ್ಲಿ ತುಂಬಿಟ್ಟಿದ್ದ ನೂರಾರು ಮಕ್ಕಳ ನಡುವಿನಿಂದ ಹತ್ತು ಮಂದಿಯ ಕಾಯಿಲೆಗೆ ಮೊದಲ ಸಲ ಕಾರಣ ಸಿಕ್ಕಿತು. ಮುಂದೆ ಅದಕ್ಕೆ ಫೀನೈಲ್‌ಕೀಟೋನೂರಿಯಾ ಎಂದು ಹೆಸರಾಯಿತು, ಚಿಕ್ಕದಾಗಿ ಪಿಕೆಯು.

ಕಾಯಿಲೆಯ ಒಳಗುಟ್ಟು ಏನೆಂದರೆ: ಹಾಲು, ಬೇಳೆ, ಮೊಟ್ಟೆ, ಮಾಂಸ ಎಲ್ಲದರಲ್ಲಿಯೂ ಇರುವ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಒಂದು ಫೀನೈಲ್ ಅಲನೀನ್. ದೇಹಕ್ಕೆ ಅದು ಸ್ವಲ್ಪ ಬೇಕು; ಮಿಕ್ಕಿದ್ದನ್ನು ಪಿತ್ತಜನಕಾಂಗದ ಒಂದು ಕಿಣ್ವ ಬೇರೆ ರೂಪಕ್ಕೆ ತಿರುಗಿಸುತ್ತದೆ. ಆ ಕಿಣ್ವ ಕೆಲಸ ಮಾಡದಿದ್ದರೆ ಇದು ರಕ್ತದಲ್ಲಿ ತುಂಬಿಕೊಂಡು, ಬೆಳೆಯುತ್ತಿರುವ ಮಿದುಳನ್ನು ದಿನದಿನವೂ ಕೆಡಿಸುತ್ತದೆ. ಕೂದಲಿಗೆ ಕಪ್ಪು ಕೊಡುವ ವಸ್ತು ಕೂಡ ಇದೇ ದಾರಿಯಲ್ಲಿ ತಯಾರಾಗುವುದರಿಂದ ಇಂಥ ಮಕ್ಕಳ ಕೂದಲು ಬಣ್ಣಗೇಡಿಯಾಗಿರುತ್ತದೆ. ಬಸುರಿನಲ್ಲಿರುವಾಗ ತಾಯಿಯ ದೇಹವೇ ಅದನ್ನು ನಿಭಾಯಿಸುತ್ತದೆ. ಹಾಗಾಗಿ ಮಗು ಹುಟ್ಟುವಾಗ ಲಕ್ಷಣವಾಗಿಯೇ ಇರುತ್ತದೆ. ಮೊದಲ ಗುಟುಕು ಹಾಲಿನಿಂದ ತೊಂದರೆ ಶುರು. ಎದೆಹಾಲಿನಿಂದಲೂ! ಇದನ್ನು ಅಕ್ಕನಿಗೆ ಹೇಳುವಾಗ ನನ್ನ ಬಾಯಿ ತಡವರಿಸಿತು.

ಇದು ತಂದೆತಾಯಿಯಿಂದ ಬರುವ ಕಾಯಿಲೆ ಎಂದು ಫೋಲಿಂಗ್ ಅವರೇ ಮುಂದೆ ತೋರಿಸಿಕೊಟ್ಟರು. ಹೇಗೆ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ. ನಮ್ಮ ಒಂದೊಂದು ಗುಣಕ್ಕೂ ಎರಡು ಪ್ರತಿ ಇರುತ್ತದೆ; ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಅಡುಗೆ ಪುಸ್ತಕದ ಎರಡು ಪ್ರತಿ ಇಟ್ಟುಕೊಂಡ ಹಾಗೆ. ಒಂದರಲ್ಲಿ ಹಾಳೆ ಹರಿದಿದ್ದರೂ ಇನ್ನೊಂದನ್ನು ನೋಡಿ ಅಡುಗೆ ಸಾಗುತ್ತದೆ. ಇಂಥ ಕಾಯಿಲೆ ಬರುವುದು ಎರಡು ಪ್ರತಿಯಲ್ಲಿಯೂ ಅದೇ ಹಾಳೆ ಹರಿದಿದ್ದರೆ ಮಾತ್ರ. ಅಪ್ಪ ಒಂದು ಹರಿದ ಹಾಳೆ ಕೊಟ್ಟಿರಬೇಕು, ಅಮ್ಮ ಒಂದು. ಇಬ್ಬರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ, ತಮ್ಮಲ್ಲಿ ಹರಿದದ್ದೊಂದಿದೆ ಎಂಬ ಸುಳಿವೂ ಇರುವುದಿಲ್ಲ. ಅಂಥವರ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಂಭವ. ನಾನು ತಿಳಿದಮಟ್ಟಿಗೆ ಇದಕ್ಕಿಂತ ಸಮಪಾಲು ಮತ್ತೊಂದಿಲ್ಲ. ನಮ್ಮ ಮಾವ, ಹತ್ತು ವರ್ಷದ ಹಿಂದೆ ತೀರಿಕೊಂಡರು, ಒಳ್ಳೆಯವರೇ. ಆದರೆ ಆ ಹನ್ನೆರಡು ವರ್ಷದಲ್ಲಿ ಯಾರೂ ಒಂದು ದಿನವಾದರೂ ಅವರತ್ತ ಬೆರಳು ತೋರಿಸಲಿಲ್ಲ.

ಸಂಬಂಧದ ಮದುವೆಯ ಮಾತೂ ಇಲ್ಲೇ ಬರುತ್ತದೆ. ಒಂದೇ ಮನೆತನದ ಹಳೆಯ ಪುಸ್ತಕದಿಂದ ಇಬ್ಬರೂ ಪ್ರತಿ ಮಾಡಿಕೊಂಡಿದ್ದರೆ, ಇಬ್ಬರಲ್ಲಿಯೂ ಅದೇ ಹಾಳೆ ಹರಿದಿರುವ ಸಂಭವ ಹೆಚ್ಚು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ, ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗನಾದರೆ ಹದಿನಾರರಲ್ಲಿ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್, ಲಂಡನ್ನಿನ ಅಲನ್ ಬಿಟಲ್ಸ್ ಮತ್ತು ಜೊತೆಯವರು 1980ರ ದಶಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಇಂಥ ಅಮೈನೋ ಆಮ್ಲದ ದೋಷಗಳನ್ನು ಹುಡುಕಿದರು. ಅದೇ ದಶಕದ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು 33 ಸಂಬಂಧದಲ್ಲೇ ಆದವು. ಸೋದರಮಾವನಿಗೇ ಕೊಟ್ಟದ್ದು ಅವುಗಳಲ್ಲಿ ದೊಡ್ಡ ಪಾಲು. ಹಾಗೆಂದು ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ಹೀಗಾಗುತ್ತಾರೆಂದಲ್ಲ. ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅಪಾಯ ಬೇರೆಯವರಿಗಿಂತ ನೂರಕ್ಕೆ ಎರಡು ಮೂರರಷ್ಟು ಮಾತ್ರ ಹೆಚ್ಚು ಎನ್ನುತ್ತಾರೆ ತಿಳಿದವರು. ಅಕ್ಕನ ಎರಡನೆಯ ಮಗಳು ಈಗ ಐವತ್ತು ದಾಟಿದವಳು, ಬ್ಯಾಂಕಿನಲ್ಲಿದ್ದಾಳೆ, ಗಟ್ಟಿಗಿತ್ತಿ. ಆ ಡಾಕ್ಟರ ‘ಅದಕ್ಕೇ’ಯಲ್ಲಿ ಸುಳ್ಳಿರಲಿಲ್ಲವೋ ಏನೋ, ಆದರೆ ಅದೇ ಮಾತನ್ನು ಇಬ್ಬರ ಮುಖ ನೋಡಿ, ಎರಡು ನಿಮಿಷ ಬಿಡಿಸಿ ಹೇಳಿದ್ದರೆ ಏನು ನಷ್ಟವಾಗುತ್ತಿತ್ತು? ಆ ಹರಿದ ಹಾಳೆ ಹಾಗೆ ಬಂದದ್ದೇ ಆದರೆ, ಅಡಕತ್ತರಿಯ ದೂರು ಹೊರಿಸಿದ ನಮ್ಮ ಅಜ್ಜಿಯಿಂದಲೋ, ಪಾಪ, ಅಜ್ಜನಿಂದಲೋ ಬಂದಿರಬೇಕು. ಅಜ್ಜಿಯನ್ನೂ ಈಗ ದೂರಲಾರೆ. ಅವಳಿಗೂ ಯಾರೂ ಹೇಳಿರಲಿಲ್ಲ.

ಅನುವಂಶೀಯ ಎಂದ ಕೂಡಲೇ ಇನ್ನೊಂದು ಕ್ರೌರ್ಯವೂ ಹಿಂದೆಯೇ ಬಂತು. ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ 1933ರಲ್ಲಿ, ವಂಶಪಾರಂಪರ್ಯ ಕಾಯಿಲೆಯವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ತಂದಿತು. ಫೋಲಿಂಗ್ ಅವರ ನಾರ್ವೆಯೂ ಸಂತಾನಹರಣದ ಕಾನೂನೊಂದನ್ನು ಮಾಡಿದ್ದು ಅದೇ 1934ರಲ್ಲಿ. ಅದಕ್ಕೆ ಸರಿಯಾದ ಉತ್ತರ ಕೊಟ್ಟವರು ಇಂಗ್ಲೆಂಡಿನ ಲಯೊನೆಲ್ ಪೆನ್‌ರೋಸ್. 1946ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಇದೇ ಪಿಕೆಯು ಲೆಕ್ಕ ಹಾಕಿ ತೋರಿಸಿದರು: ರೋಗಿಗಳು ಬೆರಳೆಣಿಕೆ, ಆದರೆ ಹರಿದ ಹಾಳೆಯನ್ನು ಗುಟ್ಟಾಗಿ ಹೊತ್ತ ಆರೋಗ್ಯವಂತರು ನೂರಕ್ಕೆ ಒಬ್ಬರಷ್ಟು. ಇದನ್ನು ಬೇರುಸಹಿತ ಕೀಳಬೇಕಾದರೆ ಆ ನೂರಕ್ಕೆ ಒಬ್ಬರಿಗೆಲ್ಲ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ, ಹುಚ್ಚರು ಮಾತ್ರ ಅಂಥದ್ದನ್ನು ಹೇಳಿಯಾರು ಎಂದರು. ಇದನ್ನು ಅಕ್ಕನಿಗೆ ಹೇಳಲಿಲ್ಲ.

ಕಾಯಿಲೆ ಪತ್ತೆಯಾಯಿತು, ಸರಿ. ಮದ್ದು? ಹದಿನೇಳು ವರ್ಷ ಏನೂ ಇರಲಿಲ್ಲ. ಡಾಗ್ ಆರನೆಯ ವಯಸ್ಸಿಗೇ ತೀರಿಕೊಂಡ. ಮದ್ದು ಹುಡುಕಿಸಿದವಳೂ ಇನ್ನೊಬ್ಬ ತಾಯಿಯೇ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆ. ಶೀಲಾ ಜೋನ್ಸ್ ಎಂಬ ಮಗು. ಹೆಸರು ಕೇಳಿ ಅಕ್ಕ, “ನಮ್ಮ ಶೀಲನ ಹೆಸರೇ!” ಎಂದಳು. ಎರಡು ವರ್ಷದ ಹತ್ತಿರವಾಗಿದ್ದರೂ ಅದು ಕೂರುತ್ತಿರಲಿಲ್ಲ, ಯಾರನ್ನೂ ಗುರುತಿಸುತ್ತಿರಲಿಲ್ಲ, ನರಳುತ್ತಾ ತಲೆ ಚಚ್ಚಿಕೊಳ್ಳುತ್ತಿತ್ತು. ಹಾರ್ಸ್ಟ್ ಬಿಕೆಲ್ ಎಂಬ ಯುವ ಜರ್ಮನ್ ವೈದ್ಯರು ಪಿಕೆಯು ಎಂದು ಗುರುತಿಸಿ, ಇಂಥದ್ದು ಎಂದು ತಾಯಿ ಮೇರಿಗೆ ಹೆಮ್ಮೆಯಿಂದಲೇ ತಿಳಿಸಿದರು. ಹೆಸರು ಕಟ್ಟಿಕೊಂಡು ನಾನೇನು ಮಾಡಲಿ, ಮದ್ದು ಕೊಡಿ ಎಂದಳು ತಾಯಿ. ಮದ್ದಿಲ್ಲ ಎಂದರೆ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ನನ್ನ ಮಗುವಿಗೆ ಏನು ಕಂಡುಹಿಡಿದಿರಿ ಎಂದು ಕೇಳುವಳು. ಈ ಕಾಟ ತಡೆಯಲಾರದೆ ಬಿಕೆಲ್ ಕೆಲಸಕ್ಕೆ ಕುಳಿತರು ಎಂದೇ ಹೇಳಬೇಕು. ಲಂಡನ್ನಿನ ಲೂಯಿ ವುಲ್ಫ್ ಎಂಬ ರಸಾಯನಶಾಸ್ತ್ರಜ್ಞ ಒಂದು ದಾರಿ ಸೂಚಿಸಿದ್ದರು: ಹಾಲಿನ ಪ್ರೋಟೀನನ್ನು ಆಮ್ಲದಲ್ಲಿ ಒಡೆದು, ಅದನ್ನು ವಿಶೇಷವಾಗಿ ಸಿದ್ಧಮಾಡಿದ ಇದ್ದಿಲಿನ ಮೂಲಕ ಸೋಸಿದರೆ ಫೀನೈಲ್ ಅಲನೀನ್ ಇದ್ದಿಲಿಗೆ ಅಂಟಿಕೊಂಡು ಉಳಿದದ್ದು ಕೆಳಗಿಳಿಯುತ್ತದೆ. ಬಿಕೆಲ್, ಜಾನ್ ಗೆರಾರ್ಡ್, ಮತ್ತು ಪ್ರಯೋಗಶಾಲೆಯ ಹಿರಿಯ ವಿಜ್ಞಾನಿ ಎವೆಲಿನ್ ಹಿಕ್ಮನ್ಸ್ ಎಂಬ ಮಹಿಳೆ, ಮೂವರೂ ಸೇರಿ ಆಸ್ಪತ್ರೆಯ ಶೀತಲ ಕೋಣೆಯಲ್ಲಿ ಚಳಿಯಲ್ಲಿ ನಿಂತು ಆ ಆಹಾರ ತಯಾರಿಸಿದರು. 1951ರಲ್ಲಿ ಶೀಲಾಳಿಗೆ ಅದನ್ನು ಕೊಡಲು ಶುರುಮಾಡಿದರು.

ಕೆಲವು ತಿಂಗಳಲ್ಲಿ ಮಗು ತೆವಳಿತು. ನಿಂತಿತು. ಕಣ್ಣಿಗೆ ಕಳೆ ಬಂತು, ಕೂದಲು ಕಪ್ಪಾಗತೊಡಗಿತು, ತಲೆ ಚಚ್ಚಿಕೊಳ್ಳುವುದು ನಿಂತಿತು. ಇದು ನಿಜವಾಗಿಯೂ ಆಹಾರದ್ದೇ ಗುಣವೋ, ಮಗು ತಾನಾಗಿ ಸುಧಾರಿಸಿತೋ ಎಂಬ ಸಂಶಯ ವೈದ್ಯರಿಗೆ. ಅದಕ್ಕೆ ಅವರು ಮಾಡಿದ್ದೇನು ಗೊತ್ತೆ? ತಾಯಿಗೆ ಹೇಳದೆ, ಆ ಆಹಾರಕ್ಕೆ ಮತ್ತೆ ಫೀನೈಲ್ ಅಲನೀನ್ ಬೆರೆಸಿ ಕಳಿಸಿದರು. ತಾಯಿ ನೋಡನೋಡುತ್ತಿದ್ದಂತೆ ಮಗು ಮತ್ತೆ ಅಳತೊಡಗಿತು, ತಲೆ ಚಚ್ಚಿಕೊಳ್ಳತೊಡಗಿತು, ಕಲಿತದ್ದೆಲ್ಲ ಜಾರಿಹೋಯಿತು. ಕಂಗಾಲಾಗಿ ಓಡಿಬಂದಳು. ಆಮೇಲೆ ಅವಳಿಗೆ ವಿಷಯ ತಿಳಿಸಿ, ಅವಳ ಒಪ್ಪಿಗೆ ಪಡೆದು, ಆಸ್ಪತ್ರೆಯಲ್ಲಿಯೇ ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ ಚಲನಚಿತ್ರ ತೆಗೆದರು, ಲೋಕ ನಂಬಬೇಕಲ್ಲ. 1953ರಲ್ಲಿ ವಿವರ ಪ್ರಕಟವಾಯಿತು. ಅದರಿಂದ ಸಾವಿರಾರು ಮಕ್ಕಳು ಉಳಿದರು, ನಿಜ. ಆದರೆ ತಾಯಿಗೆ ಹೇಳದೆ ಅವಳ ಮಗುವಿನ ತಟ್ಟೆಗೆ ಕೈಹಾಕಿದ್ದು ನನಗೆ ಇಂದಿಗೂ ಒಪ್ಪಿಗೆಯಾಗುವುದಿಲ್ಲ. ಇದನ್ನು ಕೇಳಿ ಅಕ್ಕ ಹಣೆ ಒತ್ತಿಕೊಂಡು, “ಮೊದಲೇ ಕೇಳಿದ್ರೂ ಅವಳು ಬೇಡ ಅಂತಿರಲಿಲ್ಲ ಕಣೇ” ಎಂದಳು.

ಶೀಲಾಳ ಕಥೆ ಸುಖಾಂತವಾಗಲಿಲ್ಲ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಮಿದುಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ಮುಂದೆ ತಾಯಿಯ ಆರೋಗ್ಯ ಕೆಟ್ಟು ಪಥ್ಯವೂ ನಡೆಯಲಿಲ್ಲ. ಹುಡುಗಿ ಆಶ್ರಯಧಾಮ ಸೇರಿದಳು. ಪಥ್ಯ ಹುಟ್ಟಿದ ವಾರಗಳಲ್ಲೇ ಶುರುವಾಗಬೇಕು ಎಂಬುದು ಅವಳಿಂದ ಲೋಕಕ್ಕೆ ತಿಳಿಯಿತು. ಅವಳಿಗೆ ದಕ್ಕಲಿಲ್ಲ.

ಪರ್ಲ್ ಬಕ್ ಹೆಸರನ್ನು ಓದುವ ಅಭ್ಯಾಸವಿರುವವರು ಕೇಳಿರುತ್ತೀರಿ. 1938ರ ನೊಬೆಲ್ ಪ್ರಶಸ್ತಿ ಪಡೆದ ಅಮೆರಿಕದ ಕಾದಂಬರಿಕಾರ್ತಿ. ಅವರ ಮಗಳು ಕೆರೋಲ್ 1920ರಲ್ಲಿ ಚೀನಾದಲ್ಲಿ ಹುಟ್ಟಿದಳು. ಅವಳಿಗೂ ಇದೇ ಕಾಯಿಲೆ. ತಾಯಿಗೆ ಆಗ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. 1929ರಲ್ಲಿ ಮಗಳನ್ನು ಅಮೆರಿಕದ ಒಂದು ಪಾಲನಾ ಶಾಲೆಯಲ್ಲಿ ಬಿಟ್ಟು, ಅದರ ಖರ್ಚಿಗೆ ಬರೆಯುತ್ತಾ ಹೋದರು. ಮಗಳ ಬಗ್ಗೆ ಬಾಯಿಬಿಟ್ಟು ಬರೆದದ್ದು 1950ರಲ್ಲಿ. ಅಷ್ಟು ದೊಡ್ಡ ಲೇಖಕಿಗೇ ಮೂವತ್ತು ವರ್ಷ ಬೇಕಾಯಿತು.

ಬುದ್ಧಿ ಬೆಳೆಯದ ಮಗುವಿಗೆ ತಾಯಿಯನ್ನೇ ದೂರುವುದು ನಮ್ಮ ಹಳ್ಳಿಯ ಅಜ್ಜಿಯರ ಸೊತ್ತು ಎಂದು ನಾನು ತಿಳಿದಿದ್ದೆ. ಅಮೆರಿಕದಲ್ಲಿ 1950, 60ರ ದಶಕಗಳಲ್ಲಿ ಹೆಸರಾಂತ ಮನೋವೈದ್ಯರೇ, ತಾಯಿಯ ಪ್ರೀತಿ ತಣ್ಣಗಿರುವುದರಿಂದ ಮಗುವಿಗೆ ಆಟಿಸಂ ಬರುತ್ತದೆ ಎಂದು ಬರೆದರು. ಅಂಥ ತಾಯಂದಿರಿಗೆ ಶೈತ್ಯಪೆಟ್ಟಿಗೆಯ ಹೆಸರಿಟ್ಟರು! 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅವಳಿ ಮಕ್ಕಳನ್ನು ಹೋಲಿಸಿ, ಅದರಲ್ಲಿಯೂ ಅನುವಂಶೀಯತೆಯ ಪಾತ್ರ ಬಹಳ ಎಂದು ತೋರಿಸುವವರೆಗೆ ಎಷ್ಟು ಹೆಂಗಸರು ಕೊರಗಿದರೋ. ಗ್ರಹಣದ ಅಡಕತ್ತರಿಗೂ ಈ ತಣ್ಣನೆಯ ಪ್ರೀತಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಕನ್ನಡದಲ್ಲಿದೆ, ಒಂದು ಇಂಗ್ಲಿಷಿನಲ್ಲಿದೆ, ಅಷ್ಟೆ.

ಇನ್ನು ಆ ಕಾಗದದ ಪಟ್ಟಿಗೆ ಬರುತ್ತೇನೆ. ಅದರ ಹಿಂದಿರುವವರು ಅಮೆರಿಕದ ಬಫಲೋ ಊರಿನ ರಾಬರ್ಟ್ ಗತ್ರಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿ. ಅವರ ಮಗನೊಬ್ಬ ಬುದ್ಧಿ ಬೆಳೆಯದವನು. ಅವನದು ಪಿಕೆಯು ಅಲ್ಲ. ಆದರೆ 1958ರಲ್ಲಿ ಅವರ ಹೆಂಡತಿಯ ತಂಗಿಯ ಮಗಳಿಗೆ ವರ್ಷ ತುಂಬಿದ ಮೇಲೆ ಪಿಕೆಯು ಇರುವುದು ಗೊತ್ತಾಯಿತು. ಮೊದಲೇ ಗೊತ್ತಾಗಿದ್ದರೆ! ಗತ್ರಿ ಹೊಸೆದ ಉಪಾಯ ಸರಳ. ಒಂದು ಬಗೆಯ ಬ್ಯಾಕ್ಟೀರಿಯಾ ಬೆರೆಸಿದ ತಟ್ಟೆ; ಅವು ಬೆಳೆಯದಂತೆ ತಡೆಯುವ ವಸ್ತುವೊಂದು ಅದರಲ್ಲೇ ಇರುತ್ತದೆ. ಒಣಗಿದ ರಕ್ತದ ಕಾಗದದಿಂದ ಕತ್ತರಿಸಿದ ಪುಟ್ಟ ಬಿಲ್ಲೆಗಳನ್ನು ಅದರ ಮೇಲೆ ಇಡಬೇಕು. ರಕ್ತದಲ್ಲಿ ಫೀನೈಲ್ ಅಲನೀನ್ ಹೆಚ್ಚಿದ್ದರೆ ಆ ತಡೆ ಮುರಿದು, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಮೊಸರಿನ ಹಾಗೆ ಬೆಳ್ಳಗೆ ಉಂಗುರ ಕಟ್ಟುತ್ತವೆ. ಒಂದೇ ತಟ್ಟೆಯಲ್ಲಿ ಹತ್ತಾರು ಮಕ್ಕಳ ಹನಿ ನೋಡಬಹುದು. ಒಣ ಕಾಗದವಾದ್ದರಿಂದ ಎಷ್ಟೇ ದೂರದ ಊರಿನಿಂದಲೂ ಅಂಚೆಯಲ್ಲಿ ಕಳಿಸಬಹುದು, ಖರ್ಚೂ ಕಡಿಮೆ. ಅಮೆರಿಕದ 29 ರಾಜ್ಯಗಳಲ್ಲಿ 4 ಲಕ್ಷ ಶಿಶುಗಳ ಪರೀಕ್ಷೆ ನಡೆಸಿದಾಗ 39 ಮಕ್ಕಳು ಸಿಕ್ಕಿದರು, ಹಾನಿಯಾಗುವ ಮೊದಲೇ. 1963ರಲ್ಲಿ ಅವರ ವಿಧಾನ ಪ್ರಕಟವಾಯಿತು. ಅಲ್ಲಿಂದ ದೇಶದಿಂದ ದೇಶಕ್ಕೆ ಹರಡಿತು. ಈಗ ಅದೇ ಹನಿಯಿಂದ, ಬೇರೆ ಯಂತ್ರಗಳಲ್ಲಿ, ಇನ್ನೂ ಎಷ್ಟೋ ದೋಷಗಳನ್ನು ನೋಡುತ್ತಾರೆ. ಸುತ್ತು ಬರೆದ ಕಾಗದ ಮಾತ್ರ ಅದೇ.

ಪಿಕೆಯು ಉಂಟುಮಾಡುವ ವಂಶವಾಹಿಯನ್ನು 1983ರಲ್ಲಿ ಸ್ಯಾವಿಯೊ ವೂ ಅವರ ತಂಡ ಪ್ರತ್ಯೇಕಿಸಿತು. ಅದು 12ನೆಯ ವರ್ಣತಂತುವಿನ ಮೇಲಿದೆ. ಆ ಹಾಳೆ ಹರಿಯುವ ಬಗೆಗಳು ಸಾವಿರಕ್ಕೂ ಹೆಚ್ಚು ಎಂದು ಈಗ ಲೆಕ್ಕವಾಗಿದೆ. ಇಷ್ಟೆಲ್ಲ ಆದರೂ ಚಿಕಿತ್ಸೆಯ ಬಹುಭಾಗ ಇರುವುದು ಅಡುಗೆಮನೆಯಲ್ಲೇ. ಪ್ರೋಟೀನಿಗೆ ಬದಲಾಗಿ ಆ ವಿಶೇಷ ಆಹಾರದ ಪುಡಿ. ಬೇಳೆ, ಹಾಲು, ಮೊಸರು, ಮೊಟ್ಟೆ ದೂರ. ಅನ್ನವನ್ನೂ ತೂಗಿ ಬಡಿಸಬೇಕು. ಸಬ್ಬಕ್ಕಿ, ಸಕ್ಕರೆ, ಎಣ್ಣೆಗೆ ಅಷ್ಟು ಭಯವಿಲ್ಲ. ತಕ್ಕಡಿ ಹಿಡಿದು ವರ್ಷಗಟ್ಟಲೆ ನಿಲ್ಲುವವರು ಯಾರು ಎಂದು ಹೇಳಬೇಕಾಗಿಲ್ಲ. ಸಿಹಿಮೂತ್ರದ ನನ್ನ ಕಾಫಿಗೆ ಹಾಕುವ ಸಕ್ಕರೆ ಬದಲಿನ ಮಾತ್ರೆಯ ಡಬ್ಬಿಯ ಮೇಲೂ, ಪಿಕೆಯು ಇರುವವರಿಗೆ ಬೇಡ ಎಂದು ಇರುವೆ ಸಾಲಿನಂಥ ಅಕ್ಷರ ಇದೆ. ಆಸ್ಪರ್ಟೇಮ್ ಎಂಬ ಆ ಸಿಹಿಯಲ್ಲಿ ಫೀನೈಲ್ ಅಲನೀನ್ ಇರುವುದರಿಂದ. ವರ್ಷಗಟ್ಟಲೆ ಕನ್ನಡಕ ಹಾಕಿಕೊಂಡೂ ನಾನು ಅದನ್ನು ಓದಿರಲಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಇನ್ನೊಂದು ಮಾತು ಉಳಿದಿದೆ. ಹೀಗೆ ಪಥ್ಯದಿಂದ ಉಳಿದು, ಓದಿ, ಬೆಳೆದ ಹುಡುಗಿಯರು ದೊಡ್ಡವರಾದ ಮೇಲೆ ಪಥ್ಯ ಸಾಕೆಂದು ಬಿಟ್ಟರು, ವೈದ್ಯರೂ ಬಿಡಬಹುದೆಂದಿದ್ದರು. ಅವರು ಬಸುರಾದಾಗ ಹುಟ್ಟಿದ ಮಕ್ಕಳಲ್ಲಿ ಬಹಳ ಮಂದಿಗೆ ಪಿಕೆಯು ಇಲ್ಲದಿದ್ದರೂ ತಲೆ ಚಿಕ್ಕದು, ಬುದ್ಧಿ ಬೆಳೆಯಲಿಲ್ಲ. ತಾಯಿಯ ರಕ್ತದಲ್ಲಿ ಏರಿದ್ದ ಅಂಶವೇ ಬಸುರಿನ ಕೂಸನ್ನು ಮುಟ್ಟಿತ್ತು. 1980ರಲ್ಲಿ ಅಮೆರಿಕದ ಲೆಂಕಿ ಮತ್ತು ಲೆವಿ ಇದನ್ನು ಒಟ್ಟುಗೂಡಿಸಿ ಬರೆದರು. ಬಸುರಾಗುವ ಮೊದಲೇ ಮತ್ತೆ ಪಥ್ಯಕ್ಕೆ ಮರಳಿದರೆ ಮಗು ಚೆನ್ನಾಗಿರುತ್ತದೆ. ಈಗ ಪಥ್ಯ ಬದುಕಿಡೀ ಎನ್ನುತ್ತಾರೆ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಪಡಸಾಲೆಯಲ್ಲಿ ಸಂಜೆಯ ದೀಪ ಹತ್ತಿತ್ತು. ನಮ್ಮ ಕೂಸಿನ ವರದಿ ವಾರದ ನಂತರ ಬಂತು, ಎಲ್ಲವೂ ಸರಿ ಇತ್ತು. ಅದು ಆಮೇಲಿನ ಮಾತು. ಅಂದು ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು:

“ಆ ಮೊದಲನೆಯ ತಾಯಿ ವಾಸನೆ ಅಂದಾಗ ಡಾಕ್ಟರು ನಗಲಿಲ್ವೇನೇ?”

“ಬೇರೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ ಅಕ್ಕ. ಈ ಒಬ್ಬರು ಕೇಳಿದರು.”

“ಬರಕೊಂಡರಾ?”

“ಬರಕೊಂಡರು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಿನ್ನ ಹತ್ತಿರ ಪೆನ್ನಿದೆಯಾ?” ಎಂದಳು. ಚೀಲದಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಔಷಧದ ಅಂಗಡಿಯ ಚೀಟಿಯ ಹಿಂಬದಿ ತಿರುಗಿಸಿಕೊಂಡೆ. ಅಕ್ಕ ಗೋಡೆ ನೋಡುತ್ತಾ, ಪಾಠ ಒಪ್ಪಿಸುವವಳ ಹಾಗೆ, ತಡೆಯದೆ ಹೇಳುತ್ತಾ ಹೋದಳು. ಬೆಂಗಳೂರಿಗೆ ಜೋಡಿಸಿಕೊಂಡು ಬಂದಿದ್ದದ್ದು ಐವತ್ತು ವರ್ಷ ಹಾಗೆಯೇ ಇತ್ತು. ಆರನೆಯ ತಿಂಗಳವರೆಗೆ ದೇವರ ದೀಪ ನೋಡಿ ನಗುತ್ತಿದ್ದ. ಗೌರಿ ಹಬ್ಬದ ಹಿಂದಿನ ವಾರ ನಗುವುದು ನಿಂತಿತು. ಜ್ವರ ಇರಲಿಲ್ಲ. ಎಣ್ಣೆನೀರು ಹಾಕಿದ ದಿನ ಮೈ ಸಡಿಲ ಬಿಡುತ್ತಿದ್ದ, ಮಾರನೆಯ ದಿನ ಮತ್ತೆ ಬಿಗಿ. ಸಂಜೆ ಕತ್ತಲಾಗುವ ಹೊತ್ತಿಗೆ ಒಂದು ಕೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಳ್ಳುತ್ತಿದ್ದ, ಬಿಡಿಸಿದರೆ ಅಳುತ್ತಿದ್ದ.

ಬಲಗೈ ಮುಷ್ಟಿ ಎಂದು ಬರೆದೆ.

ಅಕ್ಕ ಬಗ್ಗಿ ನೋಡಿದಳು. “ಬಲಗೈ ಅಲ್ಲ ಕಣೇ, ಎಡಗೈ. ತಿದ್ದು.”